ನೀಲವ್ವನ ಸೂಜಿ

ನದಿ ದಂಡೆಯ ಆ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಹಿರಿಯ ಡಾಕ್ಟರ್ ಇನಾಮದಾರರನ್ನು ಎಲ್ಲರೂ ಮಾಸ್ತರು ಎನ್ನುತ್ತಿದ್ದರು. ಸುಧನ್ವ ಅವರ ಹೊಸ ಶಿಷ್ಯ. ಓದಿನಲ್ಲಿ ಹುಲಿ, ಕೆಲಸದಲ್ಲಿ ಸ್ವಲ್ಪ ಅವಸರ.

ಅಂದು ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುವ ನೀಲವ್ವನಿಗೆ ನಾಲ್ಕನೆಯ ಕಿಮೋ.

"ಆರಾಮ ಅದೀರೇನ್ರಿ ನೀಲವ್ವಾರ?" ಎಂದ ಸುಧನ್ವ.

"ಆರಾಮ ಅದೀನ್ರೀ."

ರಕ್ತದ ರಿಪೋರ್ಟೂ ಚೆನ್ನಾಗಿತ್ತು. 'ಔಷಧದಿಂದ ತೊಂದರೆ ಏನೂ ಇಲ್ಲ' ಎಂದು ಬರೆದು ಮಾಸ್ತರ ಮುಂದಿಟ್ಟ.

"ಯಾರು ಹೇಳಿದ್ರು?"

"ಅವರನ್ನೇ ಕೇಳಿದೆ ಸರ್. ಆರಾಮ ಅಂದ್ರು."

"ನಮ್ಮ ಕಡೆ ಸಾಯೋ ಮನಷ್ಯಾನೂ ಆರಾಮ ಅಂತಾನಪಾ," ಎನ್ನುತ್ತ ಮಾಸ್ತರು ಎದ್ದು ವಾರ್ಡಿಗೆ ನಡೆದರು.

ನೀಲವ್ವ ಚೀಲ ತಬ್ಬಿಕೊಂಡು ಸುಮ್ಮನೆ ಕುಳಿತಿದ್ದಳು.

"ಪ್ರತಿ ಸಲ ಇಲ್ಲೆ ಕುಂತು ಕೌದಿ ಹೊಲೀತಿದ್ದಿ. ಇವತ್ಯಾಕ ಚೀಲ ಬಿಚ್ಚಿಲ್ಲ?"

"ಬ್ಯಾಸರಾತ್ರೀ."

"ಸೂಜಿ ತಗಿ. ದಾರ ಪೋಣಸು ನೋಡೂಣು."

ನಲವತ್ತು ವರ್ಷ ಹೊಲಿದ ಕೈ ಅದು. ಸೂಜಿ ಎರಡು ಸಲ ಜಾರಿ ಬಿತ್ತು. ಮೂರನೆಯ ಸಲ ಹೆಬ್ಬೆರಳಿಗೇ ಚುಚ್ಚಿ ರಕ್ತ ಬಂತು. ಸುಧನ್ವ ಅದನ್ನು ಕಂಡ. ನೀಲವ್ವನಿಗೆ ಗೊತ್ತೇ ಆಗಲಿಲ್ಲ.

"ಎಷ್ಟ್ ದಿನಾತವ್ವ, ಈ ಔಷಧಕ್ಕ ಬೆರಳು ಜೋಮು ಹಿಡದು?"

ಅವಳು ಅತ್ತಳು. "ತಿಂಗಳಾತ್ರೀ. ಹೇಳಿದ್ರ ಔಷಧ ನಿಲ್ಲಸ್ತೀರಿ, ಗಂಟು ಮತ್ತ ಬೆಳೀತೈತಿ ಅಂತ ಅಂಜಿದ್ನಿ."

"ಹೊಲಿಗಿ ಬಿಗಿಯಾಗಿ ಬಟ್ಟಿ ಸುಕ್ಕಾದ್ರ ಏನ್ ಮಾಡ್ತಿ?"

"ದಾರ ಸಡ್ಲ ಬಿಡ್ತೀನ್ರೀ."

"ಕೌದಿ ತಿಪ್ಪಿಗೆ ಒಗದು ಬಿಡ್ತಿಯೇನು?"

"ಅಯ್ಯ, ಯಾಕ್ ಒಗೀಲ್ರೀ!"

"ನಾನೂ ಅಷ್ಟ ಮಾಡ್ತೀನಿ. ಈ ವಾರ ಬ್ಯಾಡ. ಮುಂದಿನ ವಾರ ನೋಡಿ, ಡೋಸ್ ಇಳಿಸಿ ಕೊಡೂಣು. ಔಷಧ ನಿಲ್ಲೂದಿಲ್ಲ."

ಒಂದು ತಿಂಗಳಿಂದ ಎದೆಯಲ್ಲಿ ಹೊತ್ತಿದ್ದ ಭಾರ ಇಳಿದು ನೀಲವ್ವ ಕಣ್ಣೊರೆಸಿಕೊಂಡಳು. ಸುಧನ್ವ ತಾನು ಬರೆದಿದ್ದ ಸಾಲನ್ನು ಹೊಡೆದುಹಾಕಿದ. ಇವತ್ತೂ ಪೂರಾ ಡೋಸ್ ಹೋಗಿದ್ದರೆ ಆ ಬೆರಳುಗಳು ಮತ್ತೆ ಸೂಜಿ ಹಿಡಿಯುತ್ತಿದ್ದವೋ ಇಲ್ಲವೋ!

ಮುಂದಿನ ಸಲದಿಂದ ಅವನ ಪ್ರಶ್ನೆಗಳೇ ಬೇರೆಯಾದವು. ಕುಪ್ಪಸದ ಗುಂಡಿ ನೀವೇ ಹಾಕಿಕೊಂಡಿರಾ? ನಡೆಯುವಾಗ ಚಪ್ಪಲಿ ಕಳಚಿದ್ದು ಗೊತ್ತಾಗುತ್ತದಾ? ನಿನ್ನೆ ಎಷ್ಟು ರೊಟ್ಟಿ ಉಂಡಿರಿ? ಜ್ವರ ಬಂದರೆ ಆ ಗಳಿಗೆಯಲ್ಲೇ ಫೋನ್ ಮಾಡಿ ಎಂದು ನಂಬರನ್ನೂ ಬರೆದುಕೊಟ್ಟ.

ಕೊನೆಯ ಕಿಮೋ ದಿನ ನೀಲವ್ವ ಚೀಲ ಬಿಚ್ಚಿದಳು. ನಿಧಾನವಾಗಿ, ತುಟಿ ಕಚ್ಚಿಕೊಂಡು, ಮೊದಲ ಸಲಕ್ಕೇ ದಾರ ಪೋಣಿಸಿದಳು. ಸುಧನ್ವನಿಗೆ ಕುಣಿಯುವಷ್ಟು ಖುಷಿಯಾಯಿತು. ಮಾಸ್ತರಿಗೆ ಹೇಳಲು ಓಡಿದ.

ಆ ಖುಷಿಯಲ್ಲೂ ಬಾಡಿದ್ದ ಅವನ ಮುಖವನ್ನು ಮಾಸ್ತರು ನೋಡಿದರು.

"ಆರಾಮ ಅದೀಯೇನಪಾ ಸುಧನ್ವಾ?"

"ಆರಾಮ ಇದ್ದೀನಿ ಸರ್!"

"ಹೌದಾ? ಮುಂಜಾನಿಂದ ಏನ್ ಉಂಡಿ?"