ಹಾಲವ್ವನ ಹೆಬ್ಬೆಟ್ಟು

ನಲವತ್ತು ವರ್ಷ ಬೀಡಿ ಕಟ್ಟಿದ ಹಾಲವ್ವನ ಬೆರಳುಗಳಲ್ಲಿ ಗೆರೆಯೇ ಉಳಿದಿರಲಿಲ್ಲ. ತಾಲ್ಲೂಕು ಕಚೇರಿಯ ಯಂತ್ರದ ಮೇಲೆ ಹತ್ತೂ ಬೆರಳು ಒತ್ತಿದಳು. ಹತ್ತಕ್ಕೂ ಕೆಂಪು ದೀಪವೇ ಹತ್ತಿತು.

"ನೀನು ಹಾಲವ್ವನೇ ಅಲ್ಲ ಅಂತಿದೆ ಯಂತ್ರ. ವೃದ್ಧಾಪ್ಯ ವೇತನ ಬರಲ್ಲ, ನಡಿ," ಅಂದ ಗುಮಾಸ್ತ, ತಲೆ ಎತ್ತದೆ.

ಹಾಲವ್ವ ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. "ಆಗಲಿ ಸಾಹೇಬ್ರೇ. ನಾನು ಹಾಲವ್ವ ಅಲ್ಲ ಅಂತ ಒಂದು ಹಾಳೇಲಿ ಬರೆದು, ಸೀಲು ಹಾಕಿ ಕೊಟ್ಟುಬಿಡಿ."

ಇಂಥ ಅರ್ಜಿಯನ್ನು ಅವನು ಕಂಡಿರಲಿಲ್ಲ. "ಅದ್ಯಾಕೆ ನಿನಗೆ?"

"ಹೋದ ವರ್ಷ ಹಾಲವ್ವನ ಮಗ ಸತ್ತ. ಇದ್ದೋನು ಒಬ್ಬನೇ. ನಾನು ಅವಳಲ್ಲ ಅಂತ ಸರ್ಕಾರವೇ ಬರೆದುಕೊಟ್ಟರೆ, ಸತ್ತೋನು ನನ್ನ ಮಗ ಅಲ್ಲ ಅಂತಾಯ್ತಲ್ಲ? ಇವತ್ತಾದರೂ ಎರಡು ತುತ್ತು ಉಣ್ತೀನಿ."

ಸೀಲಿಗೆ ಹೋಗಿದ್ದ ಗುಮಾಸ್ತನ ಕೈ ಅಲ್ಲೇ ನಿಂತಿತು. ಎದ್ದು ಹೋಗಿ, ಬೀರುವಿನಲ್ಲಿ ಧೂಳು ತಿನ್ನುತ್ತಾ ಬಿದ್ದಿದ್ದ ಕಣ್ಣು ಗುರುತಿಸುವ ಯಂತ್ರ ತಂದ. ಅವಳ ಮುಖದ ಮುಂದೆ ಹಿಡಿದ. ಅಷ್ಟರಲ್ಲಿ ಅವಳ ಕಣ್ಣು ತುಂಬಿಬಂದಿತ್ತು. ಆ ಯಂತ್ರಕ್ಕೂ ಏನೂ ಕಾಣಲಿಲ್ಲ.

"ಕಣ್ಣು ಒರೆಸ್ಕೊಳ್ಳಿ ಅವ್ವಾ," ಅಂದ ಮೆಲ್ಲಗೆ.

"ಒರೆಸಿ ಒರೆಸಿಯೇ ಸಾಹೇಬ್ರೇ, ಬೀಡಿ ಉಳಿಸಿದ್ದ ನಾಲ್ಕು ಗೆರೆಯೂ ಸವೆದುಹೋದದ್ದು."