ಬೆಳ್ಳನೆ ಚೂರಿಗೆ ಸಾಣೆ ಹಿಡಿದ ಚೌಡಿ

ಒಂದಾನೊಂದು ಕಾಲ, ಕೇಳಿದೋರುಂಟು ಕಂಡೋರಿಲ್ಲ, ಅಂಥ ಕಾಲದಲ್ಲಿ ಮಾರಣ್ಣ, ದ್ಯಾವಣ್ಣ ಅಂತ ಇಬ್ಬರು ಅಣ್ಣಂದಿರು, ಅವರಿಗೊಬ್ಬಳು ತಂಗಿ ಚೌಡಿ, ಕತ್ತಿ ಕುಡುಗೋಲಿಗೆ ಸಾಣೆ ಹಿಡಿಯೋದೇ ಅವರ ಕಸುಬಂತೆ. ಗಾಬರಿಯಾದರೆ ಚೌಡಿಗೆ ಕೈ ನಡುಗೋದಂತೆ, ಅದಕ್ಕೇ ಅಣ್ಣಂದಿರು ಅವಳಿಗೆ ಚೂರಿ ಮುಟ್ಟೋಕೂ ಬಿಡ್ತಿರಲಿಲ್ಲವಂತೆ.

ಹೀಗಿರುವಾಗ ರಾಜನ ಮಗಳು ಪುಟ್ಟಮ್ಮಣ್ಣಿ ತೋಟದಲ್ಲಿ ಆಡ್ತಾ ಆಡ್ತಾ ಒಂದು ಬಳ್ಳಿ ತುಳಿದುಬಿಟ್ಟಳಂತೆ. ಅದೆಂಥ ಬಳ್ಳಿ ಗೊತ್ತಾ? ಮಾಯದ ಬಳ್ಳಿ! ಸರ್ರಂತ ಕಾಲಿಗೆ ಸುತ್ಕೊಂಡಿತು, ಸಿಪಾಯಿಗಳು ಕತ್ತಿ ತಂದರೆ ಕಬ್ಬಿಣ ತಾಗಿದಷ್ಟೂ ಬಿಗೀತಿತ್ತಂತೆ. ಅರಮನೇಲಿ ಕಬ್ಬಿಣ ಅಲ್ಲದ ಚೂರಿ ಅಂದರೆ ಒಂದೇ ಒಂದು, ಸಮುದ್ರದಾಚೆಯ ವ್ಯಾಪಾರಿ ತಂದಿದ್ದ ಬೆಳ್ಳನೆ ಪಿಂಗಾಣಿ ಚೂರಿ, ಅದೋ ಬೆಣ್ಣೇನೂ ಕುಯ್ಯದಷ್ಟು ಮೊಂಡು! ಇದಕ್ಕೆ ಸಾಣೆ ಹಿಡಿಯೋರು ಬನ್ನಿ ಅಂತ ರಾಜ ಸಾರಿಸಿದ ಡಂಗುರ ಕೇಳಿ ಅಣ್ಣ ತಂಗಿ ಮೂವರೂ ಎದ್ದೆವೋ ಬಿದ್ದೆವೋ ಅಂತ ಓಡಿ ಬಂದರಂತೆ.

ಮೊದಲು ಮಾರಣ್ಣ ಅರ ತಗೊಂಡು ಕರಕರ ಉಜ್ಜಿದನಂತೆ, ಅರದ ಹಲ್ಲೇ ಸವೆದವೇ ಹೊರತು ಚೂರಿಗೆ ಒಂದು ಗೀರೂ ಬೀಳಲಿಲ್ಲ. ಬಳ್ಳಿ ಮೊಣಕಾಲಿಗೆ ಬಂತು. ಆಮೇಲೆ ದ್ಯಾವಣ್ಣ ಸಾಣೆಚಕ್ರ ಗಿರ್ರಂತ ತಿರುಗಿಸಿ ಒತ್ತಿ ಹಿಡಿದನಂತೆ, ಠಣ್! ಚೂರಿ ಬಾಯಿ ಮುಕ್ಕಾಯ್ತು. ಬಳ್ಳಿ ಸೊಂಟಕ್ಕೆ ಬಂತು.

ಆಗ ಚೌಡಿ, ಇದು ಕಲ್ಲಿಗೆ ಬಗ್ಗೋ ಚೂರಿಯಲ್ಲ ಅಣ್ಣ, ಕಲ್ಲಿಗಿಂತ ಗಟ್ಟಿ ಬೇಕು, ವಜ್ರದ ಪುಡಿ ಬೇಕು, ವಜ್ರ ಗೀರಿಗೆ ಬಗ್ಗದಿದ್ದರೂ ಪೆಟ್ಟಿಗೆ ಒಡೆಯುತ್ತೆ ಅಂದಳಂತೆ. ಅಂದಿದ್ದೇ ತಡ, ರಾಣಿ ಕಿವಿಯ ವಜ್ರದೋಲೆ ಬಿಚ್ಚಿ, ಅಡಿಕೆ ಕುಟ್ಟೋ ಕಬ್ಬಿಣದ ಕುಟ್ಟಾಣಿಗೆ ಹಾಕಿ ತಾನೇ ಕುಟ್ಟಿದಳಂತೆ. ಅಯ್ಯೋ, ವಂಶದ ಓಲೆ ಕಣೇ, ಅಂತ ರಾಜ ಅಂದರೆ, ಕಿವಿ ಬರಿದಾದರೆ ಆಗಲಿ, ಮಡಿಲು ಬರಿದಾಗಬಾರದು ಅಂದಳಂತೆ ಆ ಮಹಾತಾಯಿ.

ಆಮೇಲೆ ಚೌಡಿ ಆ ಪುಡೀನ ಕಾಯಿಸಿದ ಅರಗಿನಲ್ಲಿ ಕಲಸಿ ಒಂದು ಮರದ ಚಕ್ರದ ಅಂಚಿಗೆ ಮೆತ್ತಿದಳು. ಚೂರಿ ಹಿಡಿಯೋಣ ಅಂದರೆ ಕೈ ಗಡಗಡ! ಏನು ಮಾಡಿದಳು ಹೇಳು? ಒಂದು ಮರದ ತುಂಡಿಗೆ ಓರೆಯಾಗಿ ಸೀಳು ಕೊರೆದು, ಚೂರೀನ ಅದರಲ್ಲಿ ಭದ್ರವಾಗಿ ಸಿಗಿಸಿ, ಚಕ್ರದ ಮುಂದಿನ ಹಲಗೆ ಮೇಲೆ ಕೂರಿಸಿದಳಂತೆ. ಕೈ ನಡುಗಿದರೂ ಚೂರಿ ನಡುಗದು! ಮಾರಣ್ಣ ಚಕ್ರ ತಿರುಗಿಸಿದ, ದ್ಯಾವಣ್ಣ ಹನಿ ಹನಿ ನೀರು ಬಿಟ್ಟ, ಚೌಡಿ ಹೂವು ಮುಟ್ಟಿದ ಹಾಗೆ ಮೆಲ್ಲಗೆ ತಾಗಿಸ್ತಾ ಹೋದಳು. ಬಳ್ಳಿ ಕೊರಳಿಗೆ ಬಂತು! ಬೇಗ, ಬೇಗ ಕಣಮ್ಮಾ, ಅಂತ ರಾಜ ಕೂಗಿದ. ಅವಸರ ಮಾಡಿದರೆ ಮುರಿದುಹೋಗುತ್ತೆ ಬುದ್ಧಿ, ಇನ್ನೊಂದು ಚೂರು, ಇನ್ನೊಂದೇ ಚೂರು ಅಂತಾಳೆ ಇವಳು.

ಆಮೇಲೆ ಎದ್ದಳು ನೋಡು! ತಲೆಕೂದಲೊಂದು ಕಿತ್ತು ಚೂರಿ ಬಾಯಿ ಮೇಲೆ ಬಿಟ್ಟಳು, ಎರಡಾಗಿ ಬಿತ್ತು. ಓಡಿಹೋಗಿ ಬಳ್ಳಿಯ ಬುಡಕ್ಕೇ ಕುಕ್ಕರಗಾಲಲ್ಲಿ ಕೂತು, ಸರಕ್, ಸರಕ್, ಸರಕ್ ಅಂತ ಮೂರು ಸಲ ಎಳೆದಳು. ಬುಡ ತುಂಡಾಯ್ತು, ಬಳ್ಳಿಯೆಲ್ಲ ಒಣಗಿ ತರಗೆಲೆ ಥರ ಉದುರಿಹೋಯ್ತಂತೆ, ಮಗು ಅಮ್ಮಾ ಅಂತ ಕಿರುಚಿ ರಾಣಿಯ ತೋಳಿಗೆ ಬಿತ್ತಂತೆ. ರಾಜ ಅತ್ತ, ಸಿಪಾಯಿಗಳು ಅತ್ತರು, ಅಣ್ಣಂದಿರು ತಂಗೀನ ಹೆಗಲ ಮೇಲೆ ಹೊತ್ಕೊಂಡು ಕುಣಿದರಂತೆ.

ಅವತ್ತು ಊರಿಗೆಲ್ಲ ಹೋಳಿಗೆ ಊಟ. ಮೂವರಿಗೂ ಅರಮನೆ ಪಕ್ಕದಲ್ಲೇ ಮನೆ ಕಟ್ಟಿಸಿಕೊಟ್ಟರಂತೆ. ಪುಟ್ಟಮ್ಮಣ್ಣಿ ಚೌಡಿಯ ತೊಡೆ ಬಿಟ್ಟು ಏಳ್ತಾನೇ ಇರಲಿಲ್ಲವಂತೆ. ಅವರಲ್ಲಿ ಸುಖವಾಗಿದ್ದರು, ನಾವಿಲ್ಲಿ ಬೆಚ್ಚಗಿದೀವಿ. ಕತೆಯೇನೋ ಮುಗೀತು, ನಿನ್ನ ಕಣ್ಣು ಇನ್ನೂ ಪಿಳಿಪಿಳಿ ಅಂತಿದೆಯಲ್ಲೋ, ಮುಚ್ಚು ಕಂದಾ.