ಅಂಬಿಗನ ಸೊಂಟ

"ಗುರುಗಳೇ, ಹಳೆಯ ಸೊಂಟನೋವಿಗೆ ಬೆನ್ನುಮೂಳೆ ಒತ್ತಿ ಕೂರಿಸುವುದು ಹೆಚ್ಚೋ, ವ್ಯಾಯಾಮ ಹೆಚ್ಚೋ?" ಎಂದು ಚೆನ್ನಮಲ್ಲ ಕೇಳಿದ.

ಅವನು ಗುರುವಿನ ಬಳಿ ಆರು ವರ್ಷ ವೈದ್ಯ ಕಲಿತವನು. ಬೆನ್ನು ಒತ್ತುವುದರಲ್ಲಿ ಅವನ ಕೈ ಚೆನ್ನಾಗಿ ಪಳಗಿತ್ತು. ವಾರದ ಏಳೂ ದಿನ ಅವನ ಮನೆಯ ಮುಂದೆ ಜನ ಕಾದಿರುತ್ತಿದ್ದರು. ಯಾವ ಉತ್ತರ ಬರಬೇಕೆಂದು ತೀರ್ಮಾನಿಸಿಕೊಂಡೇ ಕೇಳಿದ್ದಾನೆಂಬುದು ಗುರುವಿಗೆ ಮುಖ ನೋಡಿದೊಡನೆ ತಿಳಿಯಿತು. "ಕೂತುಕೋ ಮಹಾರಾಯ" ಎಂದು ನಕ್ಕು ಕತೆ ಶುರುಮಾಡಿದರು.

ಒಂದು ಹೊಳೆ. ಈ ದಡದ ಊರಿನಲ್ಲಿ ಒಬ್ಬ ಅಂಬಿಗ, ಆ ದಡದ ಊರಿನಲ್ಲಿ ಒಬ್ಬ ವೈದ್ಯ. ಅಂಬಿಗನಿಗೆ ಮೂರು ವರ್ಷದಿಂದ ಸೊಂಟನೋವು. ಹರಿಗೋಲು ನಡೆಸುವವನು ಬೆಳಗಿನಿಂದ ಸಂಜೆವರೆಗೆ ಮುಂದಕ್ಕೆ ಬಗ್ಗಿ ಹುಟ್ಟು ಹಾಕಬೇಕು. ಅವನಿಗೆ ಬೇರೆ ಕಸುಬು ಬರುತ್ತಿರಲಿಲ್ಲ.

ವೈದ್ಯ ಒಳ್ಳೆಯ ಕೈಗುಣದವನು. ಅಂಬಿಗನನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲು ಮಡಿಸಿ, ಬೆನ್ನಿಗೆ ಕೈಯಿಟ್ಟು ಒಮ್ಮೆ ಒತ್ತಿದರೆ 'ಟಕ್' ಎನ್ನುತ್ತಿತ್ತು. ಅಂಬಿಗ ನೆಟ್ಟಗೆ ಎದ್ದು ನಿಲ್ಲುತ್ತಿದ್ದ. ಮೊದಲ ಸಲ ಅವನು ಸಂತೋಷದಿಂದ ಅತ್ತೇಬಿಟ್ಟಿದ್ದ. ಅದರಲ್ಲಿ ಮೋಸವೇನೂ ಇರಲಿಲ್ಲ. ನೋವು ನಿಜವಾಗಿಯೂ ಹೋಗುತ್ತಿತ್ತು, ಎಂಟು ದಿನಕ್ಕೆ ನಿಜವಾಗಿಯೂ ಬರುತ್ತಿತ್ತು. ಬಂದಾಗ ಅವನು ಹೊಳೆ ದಾಟಿ ಮತ್ತೆ ಹೋಗುತ್ತಿದ್ದ. ಹೀಗೆ ಎರಡು ವರ್ಷ ನಡೆಯಿತು. ಇಬ್ಬರಿಗೂ ಅದು ಅಭ್ಯಾಸವಾಗಿಹೋಯಿತು.

ಒಂದು ದಿನ ವೈದ್ಯನೇ ಆ ಹರಿಗೋಲಿನಲ್ಲಿ ಈಚೆ ದಡಕ್ಕೆ ಹೊರಟಿದ್ದ. ಅಂಬಿಗನ ಬೆನ್ನು ಒತ್ತಿ ನಾಲ್ಕೇ ದಿನವಾಗಿತ್ತು. ನಡುಹೊಳೆಯಲ್ಲಿ ಅಂಬಿಗನ ಸೊಂಟ ಹಿಡಿದುಕೊಂಡಿತು. ಬಗ್ಗಿದವನಿಗೆ ಏಳಲು ಆಗಲಿಲ್ಲ. ಹುಟ್ಟು ಕೈಜಾರಿತು. ಹರಿಗೋಲು ಗಿರಗಿರನೆ ತಿರುಗತೊಡಗಿತು. ಒಬ್ಬ ಬಸುರಿ ವೈದ್ಯನ ತೋಳು ಹಿಡಿದು ಕೂಗಿಕೊಂಡಳು. ಯಾರೋ ಒಬ್ಬ ಗಟ್ಟಿಗ ಹುಟ್ಟು ಎತ್ತಿಕೊಂಡು ಹೇಗೋ ದಡ ಮುಟ್ಟಿಸಿದ.

ಊರ ಹಿರಿಯರು ಅಂದೇ ಮಾತು ಮುಗಿಸಿದರು. ಇನ್ನೇನು ಮಳೆಗಾಲ, ಹೊಳೆ ತುಂಬಿ ದಾಟುವುದು ನಿಲ್ಲುತ್ತದೆ. ಹೊಳೆ ಇಳಿಯುವಷ್ಟರಲ್ಲಿ ಸೊಂಟ ಸರಿಹೋಗಿದ್ದರೆ ಸರಿ, ಇಲ್ಲದಿದ್ದರೆ ಹರಿಗೋಲು ಬೇರೆಯವನಿಗೆ.

ವೈದ್ಯನಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ಎರಡು ವರ್ಷ ಒತ್ತಿದ್ದ, ಒಮ್ಮೆಯೂ ಮುಂದೇನು ಎಂದು ಯೋಚಿಸಿರಲಿಲ್ಲ. ದಡದಲ್ಲೇ ಅಂಬಿಗನನ್ನು ಮಲಗಿಸಿ ಬೆನ್ನು ಒತ್ತಿದ. ಎದ್ದು ಕೂತವನಿಗೆ ಹೇಳಿದ: "ನೋಡಪ್ಪಾ, ನನ್ನ ಕೈಲಿ ಆಗೋದು ಇಷ್ಟೇ. ನೋವು ಕಮ್ಮಿ ಇರೋವಾಗಲೇ ನಿಮ್ಮೂರ ಗರಡಿ ಉಸ್ತಾದರ ಹತ್ರ ಹೋಗು."

ಅಂಬಿಗನಿಗೆ ಸಿಟ್ಟು ಬಂತು. ವೈದ್ಯ ತನ್ನನ್ನು ಸಾಗಹಾಕುತ್ತಿದ್ದಾನೆ ಎಂದುಕೊಂಡ. ಆದರೂ ಗರಡಿಗೆ ಹೋದ. ಉಸ್ತಾದ ಅವನನ್ನು ಅಂಗಾತ ಮಲಗಿಸಿ ಸೊಂಟ ಎತ್ತಿ ಇಳಿಸಲು ಹೇಳಿದ. ಮಂಡಿ, ಅಂಗೈ ಊರಿಸಿ ಒಂದು ಕೈ, ಒಂದು ಕಾಲು ಚಾಚಿಸಿದ. ದಿನಕ್ಕೆ ಎರಡು ಹೊತ್ತು ನಡೆಯಬೇಕೆಂದ. ಮೂರನೆಯ ದಿನ ಮೈಯೆಲ್ಲ ನೋವು. ಅಂಬಿಗ ರೇಗಿದ.

"ದಿನಾ ಹುಟ್ಟು ಹಾಕೋನಿಗೆ ಮತ್ಯಾಕ್ರೀ ಉಸ್ತಾದ್ರೇ ಈ ವ್ಯಾಯಾಮ?"

"ದಿನಾ ಒಂದೇ ಕಡಿ ಬಗ್ಗತೀಯಲ್ಲೋ, ಅದಕ್ಕ."

ಅಂಬಿಗ ಗರಡಿ ಬಿಟ್ಟ. ನೋವು ಬಂದರೆ ವೈದ್ಯ ಇದ್ದೇ ಇದ್ದಾನಲ್ಲ! ಆದರೆ ಆ ವಾರವೇ ಹೊಳೆ ತುಂಬಿತು. ನೋವೂ ಬಂತು. ದಡದಲ್ಲಿ ನಿಂತು ನೋಡಿದ. ವೈದ್ಯನ ಮನೆಯ ಹೆಂಚು ಕಾಣುತ್ತಿತ್ತು. ಎಲ್ಲರನ್ನೂ ದಾಟಿಸುವವನಿಗೆ ತಾನು ದಾಟುವ ದಾರಿಯಿರಲಿಲ್ಲ. ಹರಿಗೋಲು ಹೋಗಿಬಿಟ್ಟರೆ ತಾನೇನು ಮಾಡುವುದು ಎಂಬ ಭಯ ಅವನನ್ನು ಗರಡಿಗೆ ವಾಪಸು ತಂದಿತು.

ಎರಡು ತಿಂಗಳು ಮಾಡಿದ. ನಂಬಿ ಮಾಡಲಿಲ್ಲ, ಗತಿಯಿಲ್ಲದೆ ಮಾಡಿದ. ಮೊದಲ ಹದಿನೈದು ದಿನ ಉಸ್ತಾದನನ್ನು ಮನಸಾರೆ ಬೈದುಕೊಂಡ. ಆಮೇಲೆ ಬೈಯುವುದು ಕಡಿಮೆಯಾಯಿತು. ಒಂದು ಬೆಳಿಗ್ಗೆ ನೀರಿನ ಕೊಡ ಎತ್ತಿ ಒಳಗಿಟ್ಟ ಮೇಲೆ, ಸೊಂಟ ನೆನಪಾಗಲೇ ಇಲ್ಲವಲ್ಲ ಎಂದು ಬೆರಗಾದ.

ಹೊಳೆ ಇಳಿಯಿತು. ಹಿರಿಯರೆಲ್ಲ ಪರೀಕ್ಷಿಸಲೆಂದೇ ಹರಿಗೋಲು ಹತ್ತಿದರು. ಅಂಬಿಗ ಎಲ್ಲಿಯೂ ನಿಲ್ಲದೆ ಆಚೆ ದಡ ಮುಟ್ಟಿಸಿ, ನೇರವಾಗಿ ವೈದ್ಯನ ಮನೆಗೆ ನಡೆದ. ವೈದ್ಯ ರೂಢಿಯಂತೆ ಚಾಪೆ ಹಾಸಿದ.

"ಮಲಗೋಕೆ ಬಂದಿಲ್ಲ ಸ್ವಾಮಿ. ಹರಿಗೋಲು ನನಗೇ ಉಳೀತು ಅಂತ ಹೇಳಿ ಹೋಗೋಣ ಅಂತ ಬಂದೆ."

ವೈದ್ಯ ಚಾಪೆಯನ್ನು ಸುತ್ತಿ ಗೋಡೆಗೆ ಒರಗಿಸಿದ. ಒಬ್ಬ ರೋಗಿ ಕಡಿಮೆಯಾದದ್ದಕ್ಕೆ ಅಷ್ಟು ಸಂತೋಷ ಅವನಿಗೆ ಎಂದೂ ಆಗಿರಲಿಲ್ಲ.

ಇಲ್ಲಿಗೆ ಗುರು ಕತೆ ನಿಲ್ಲಿಸಿದರು.

"ಹಾಗಾದರೆ ವ್ಯಾಯಾಮವೇ ಹೆಚ್ಚು ಅಂದಂತಾಯಿತು" ಎಂದ ಚೆನ್ನಮಲ್ಲ. ಅವನ ಮುಖ ಸಪ್ಪಗಾಗಿತ್ತು.

"ಅವನನ್ನು ಗರಡಿಗೆ ಕಳಿಸಿದವನು ಬೆನ್ನು ಒತ್ತುವ ವೈದ್ಯನೇ ಅಲ್ಲವೇನಪ್ಪಾ, ನೀನು ಇದುವರೆಗೆ ಯಾರನ್ನು ಕಳಿಸಿದ್ದೀಯ?" ಎಂದರು ಗುರು.